ಲೀಟರಿಗೆ ಹದಿನೈದು

ಮಾರ್ಚ್ 3

ಇವತ್ತೂ ಲೀಟರಿಗೆ ಹನ್ನೆರಡೂವರೆ ಕಿಲೋಮೀಟರ್. ಬಂಕಿನಲ್ಲಿ ಟ್ಯಾಂಕ್ ತುಂಬಿಸಿ ಲೆಕ್ಕ ಹಾಕಿದೆ. ನಂಬಿಕೆ ಬರಲಿಲ್ಲ, ಮತ್ತೆ ಹಾಕಿದೆ. ಹಿಂದಿನ ಕಾರಿನವನು ಕಿಟಕಿಯಿಂದ ತಲೆ ಹೊರಗೆ ಹಾಕಿ ಇಲ್ಲೇ ಮನೆ ಮಾಡ್ತೀರಾ ಅಂದ. ಗಾಡಿ ಮುಂದಕ್ಕೆ ತೆಗೆದೆ.

ಮನೆಯಲ್ಲಿ ಅದೇ ಪ್ರಶ್ನೆ. ಊಟ ಆಯಿತಾ ಇಲ್ಲ, ದಣಿದೆಯಾ ಇಲ್ಲ. ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು “ಎಷ್ಟು ಕೊಡ್ತು?” ಅನ್ನುವ ಗಂಡ. ಹೇಳಿದೆ. ನಕ್ಕರು. ಇದೇ ಪಿಕಪ್, ಇದೇ ರಸ್ತೆ, ಅವರ ಕೈಯಲ್ಲಿ ಲೀಟರಿಗೆ ಹದಿನೈದು ಕೊಡುತ್ತಿತ್ತು.

ಅತ್ತೆ ಒಗ್ಗರಣೆ ಹಾಕಿದರು — ಅವನದು ಕೈಗುಣ ಅಂತೆ. ಹಾಗಾದರೆ ನನ್ನದು ಕಾಲ್ಗುಣವೇ? ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ.

ಮಾರ್ಚ್ 5, ಮಧ್ಯಾಹ್ನ

ಫ್ಯಾಕ್ಟರಿ ಅಂಗಳ. ಹುಡುಗರು ಹಾಸಿಗೆ ಹೇರುತ್ತಿದ್ದಾರೆ. ಕೂರಲು ಆಗುತ್ತಿಲ್ಲ, ಬಾನೆಟ್ ಮೇಲೆ ಡೈರಿ ಇಟ್ಟು ನಿಂತೇ ಬರೆಯುತ್ತಿದ್ದೇನೆ.

ನಾಲ್ಕು ತಿಂಗಳ ಹಿಂದೆ ಇದೇ ಫ್ಯಾಕ್ಟರಿಯ ಒಳಗೆ ಹಾಸಿಗೆಯ ಕವರ್ ಹೊಲಿಯುತ್ತಾ ಕೂತಿದ್ದೆ. ಆಮೇಲೆ ಆಕ್ಸಿಡೆಂಟ್. ಗುಡ್ಡದ ಇಳಿಜಾರಿನ ಕೊನೆಯ ತಿರುವಿನಲ್ಲಿ ಬ್ರೇಕ್ ಹಿಡಿಯಲಿಲ್ಲ, ಗಾಡಿ ತಡೆಗೋಡೆಗೆ ಗುದ್ದಿತು. ಇವರ ಕಾಲು ಎರಡು ಕಡೆ ಮುರಿಯಿತು. ಬಾಡಿಗೆ ಕೈತಪ್ಪಬಾರದು ಅಂತ ರಿಪೇರಿಯಾದ ಗಾಡಿಯನ್ನು ನಾನೇ ಹೊರಡಿಸಿದೆ. ಮೇಲಿನ ಊರಿನ ಫ್ಯಾಕ್ಟರಿಯಿಂದ ಕೆಳಗಿನ ಊರಿನ ಅಂಗಡಿಗಳಿಗೆ, ದಿನಾ.

ಆಸ್ಪತ್ರೆಯಲ್ಲೇ ಪಂದ್ಯ ಕಟ್ಟಿದ್ದರು. “ಹದಿನೈದು ತೆಗೆದು ತೋರಿಸು, ಗಾಡಿ ನಿನಗೇ ಬಿಟ್ಟೆ.” ತಮಾಷೆಗೆ ಹೇಳಿದ್ದು. ನಾನು ತಮಾಷೆಗೆ ತಗೊಳ್ಳಲಿಲ್ಲ. ನನಗೆ ಈ ಸ್ಟಿಯರಿಂಗ್ ಬೇಕು. ಇಷ್ಟು ಬೇಕು ಅಂತ ನನಗೇ ಗೊತ್ತಿರಲಿಲ್ಲ. ತಿಂಗಳ ಕೊನೆಗೆ ಪ್ಲಾಸ್ಟರ್ ಬಿಚ್ಚುತ್ತಾರೆ. ಅಷ್ಟರಲ್ಲಿ ಆಗಬೇಕು. ಇಲ್ಲದಿದ್ದರೆ ಮತ್ತೆ ಹೊಲಿಗೆ ಯಂತ್ರ.

ಮಾರ್ಚ್ 8

ಪೆಟ್ರೋಲ್ ಬದಲಾಯಿಸಿದೆ. ಫ್ಯಾಕ್ಟರಿ ಪಕ್ಕದ ಬಂಕಿನಲ್ಲಿ ಎಥನಾಲ್ ಜಾಸ್ತಿ ಬೆರೆಸಿದ್ದು, ಅಗ್ಗ ಅಂತ ಇಷ್ಟು ದಿನ ಅದನ್ನೇ ಹಾಕಿಸುತ್ತಿದ್ದೆ. ಅಗ್ಗ ನಿಜ, ಆದರೆ ಬೇಗ ಕರಗುತ್ತದೆ. ಈಗ ಮಾಮೂಲಿಯದು. ಮುಕ್ಕಾಲು ಕಿಲೋಮೀಟರ್ ಏರಿತು.

ಹುಮ್ಮಸ್ಸಿಗೆ ಬಿದ್ದು ಒಂದು ಟ್ಯಾಂಕ್ ದುಬಾರಿ ಪವರ್ ಪೆಟ್ರೋಲನ್ನೂ ಹಾಕಿಸಿ ನೋಡಿದೆ. ಒಂದು ಗುಲಗಂಜಿಯಷ್ಟೂ ವ್ಯತ್ಯಾಸವಿಲ್ಲ. ನಮ್ಮ ಇಂಜಿನ್‌ಗೆ ಅದರ ರುಚಿ ಗೊತ್ತಾಗುವುದಿಲ್ಲವೇನೋ. ಇದನ್ನು ಮನೆಯಲ್ಲಿ ಹೇಳಿಲ್ಲ, ಹೇಳುವುದೂ ಇಲ್ಲ.

ಮಾರ್ಚ್ 11

ಹಾಸಿಗೆ ಏನು ಭಾರ, ಬರೀ ಸ್ಪಂಜು ಅನ್ನುತ್ತಾರೆ ಇವರು. ಕಷ್ಟ ಕೊಡುವುದು ಭಾರ ಅಲ್ಲ, ಗಾಳಿ. ಕ್ಯಾಬಿನ್‌ಗಿಂತ ಎರಡಡಿ ಎತ್ತರಕ್ಕೆ ಪೇರಿಸಿದರೆ ತಲೆಯ ಮೇಲೆ ಗೋಡೆ ಹೊತ್ತುಕೊಂಡು ಓಡಿದಂತೆ. ಹುಡುಗರಿಗೆ ದುಂಬಾಲು ಬಿದ್ದು ತಗ್ಗಿಸಿ ಹೇರಿಸಿದೆ. ಟಾರ್ಪಾಲ್ ಬಿಗಿಯಾಗಿ ಕಟ್ಟಿಸಿದೆ. ಟೈರಿಗೆ ಸರಿಯಾಗಿ ಗಾಳಿ ಹೊಡೆಸಿದೆ. ಹೈವೇಯಲ್ಲಿ ಅರವತ್ತರ ಮೇಲೆ ಹೋಗಲಿಲ್ಲ — ಸೈಕಲ್ ಬಿಟ್ಟು ಮಿಕ್ಕಿದ್ದೆಲ್ಲ ನನ್ನನ್ನು ದಾಟಿತು. ಎಸಿ ಬಂದ್. ಬೆವರು ಧಾರಾಕಾರ.

ಹದಿಮೂರೂ ಮುಕ್ಕಾಲು!

ಇವರು ಹುಬ್ಬು ಹಾರಿಸಿದರು, ಪರವಾಗಿಲ್ವೇ ಅಂದರು. ಒಳಗೊಳಗೇ ಹಿಗ್ಗಿದೆ. ಅತ್ತೆ ಮಾತ್ರ ಟಿವಿಯಿಂದ ಕಣ್ಣು ಕೀಳಲಿಲ್ಲ.

ಮಾರ್ಚ್ 14

ಮತ್ತೆ ಹದಿಮೂರು. ಪೇಟೆಯಲ್ಲಿ ರಸ್ತೆ ಅಗೆದಿದ್ದಾರೆ. ನಿಲ್ಲು, ಹೊರಡು, ನಿಲ್ಲು. ನಿಂತಲ್ಲೇ ಪೆಟ್ರೋಲ್ ಕುಡಿಯಿತು. ಮೈಯೆಲ್ಲ ಉರಿ. ಅಂಗಡಿಯವನು ಹಾಸಿಗೆ ಇಳಿಸಿಕೊಳ್ಳಲು ತಡ ಮಾಡಿದ್ದಕ್ಕೆ ಅವನ ಮೇಲೆ ಹರಿಹಾಯ್ದೆ. ಪಾಪ, ಅವನ ತಪ್ಪೇನಿರಲಿಲ್ಲ.

ಹದಿನೈದು ಹೇಗೆ ತೆಗೆಯುತ್ತಿದ್ದರು? ಕೇಳಿದರೆ ಬಾಯಿ ಬಿಡುವುದಿಲ್ಲ. ಗಾಡಿಯ ಜೊತೆ ಮಾತಾಡಬೇಕು ಅಂತಾರೆ. ಮಾತಾಡುತ್ತಲೇ ಇದ್ದೇನೆ, ಬರೆಯಲಾಗದಂಥ ಮಾತು.

ಮಾರ್ಚ್ 17, ಸಂಜೆ

ನಿಧಾನವಾಗಿ ಬರೆಯಬೇಕು.

ಕೆಳಗಿನ ಊರಿನಲ್ಲಿರುವ ತಮ್ಮ ತಂಗಿಯ ಮನೆಗೆ ಅಂತ ಅತ್ತೆ ಇವತ್ತು ನನ್ನ ಜೊತೆ ಹೊರಟರು. ನನ್ನ ಡ್ರೈವಿಂಗ್‌ನಲ್ಲಿ ಮೊದಲ ಸಲ. ದಾರಿಯುದ್ದಕ್ಕೂ ಕೊಂಕು ತೆಗೆದರು. ಇಳಿಜಾರು ಶುರುವಾಯಿತು, ಎರಡನೇ ಗೇರಿಗೆ ಹಾಕಿದೆ, ಇಂಜಿನ್ ಗೊಂಯ್ ಅಂದಿತು. ಅತ್ತೆ ಕಿವಿ ಮುಚ್ಚಿಕೊಂಡರು.

“ನನ್ನ ಮಗ ಓಡಿಸುವಾಗ ಇಲ್ಲಿ ಗಾಡಿ ಸದ್ದೇ ಮಾಡ್ತಿರ್ಲಿಲ್ಲ. ಕೀ ತಿರುಗಿಸಿಬಿಡ್ತಿದ್ದ. ದೋಣಿ ಥರ ತೇಲ್ಕೊಂಡು ಹೋಗ್ತಿತ್ತು.”

ಹೊಗಳಿಕೆ ಅದು. ಸೊಸೆಯನ್ನು ಚುಚ್ಚಲು ಹೇಳಿದ ಮಾತು. ತಾನು ಹೇಳಿದ್ದೇನು ಅನ್ನುವುದು ಅವರಿಗೆ ಗೊತ್ತೇ ಇಲ್ಲ.

ಇಂಜಿನ್ ಆಫ್ ಮಾಡಿ, ನ್ಯೂಟ್ರಲ್‌ಗೆ ಹಾಕಿ, ಇಡೀ ಗುಡ್ಡವನ್ನು ಇಳಿಯುತ್ತಿದ್ದರು. ಅದೇ ಹದಿನೈದು.

ಮಾರ್ಚ್ 18

ಗ್ರೀಸಣ್ಣನ ಗ್ಯಾರೇಜಿಗೆ ಹೋದೆ. ಆಕ್ಸಿಡೆಂಟ್ ಆದಮೇಲೆ ನಮ್ಮ ಗಾಡಿ ಆ ಕಡೆ ತಿರುಗಿರಲಿಲ್ಲ. ಅದರ ಹಿಂದಿನ ವಾರವಷ್ಟೇ ಬ್ರೇಕ್ ಕೆಲಸ ಮಾಡಿದ್ದವನು ಅವನು. ಇವರ ಬಾಲ್ಯದ ಗೆಳೆಯ. ಅವನು ಸರಿಯಾಗಿ ಮಾಡದೆ ಬ್ರೇಕ್ ಫೇಲ್ ಆಯಿತು ಅಂತ ಇವರು ಹೇಳಿದರು, ನಾವು ನಂಬಿದೆವು, ಊರೂ ನಂಬಿತು. ಆಸ್ಪತ್ರೆಗೆ ನೋಡಲು ಬಂದವನಿಗೆ ಅತ್ತೆ ಬಾಗಿಲಲ್ಲೇ ಮಂಗಳಾರತಿ ಮಾಡಿ ಕಳಿಸಿದ್ದರು. ಗ್ಯಾರೇಜಿನಲ್ಲಿ ಈಗ ಎರಡೇ ಗಾಡಿ ನಿಂತಿದ್ದವು. ಮೊದಲು ರಸ್ತೆವರೆಗೂ ನಿಲ್ಲುತ್ತಿದ್ದವು.

ಇಂಜಿನ್ ಆಫ್ ಮಾಡಿ ಗುಡ್ಡ ಇಳಿದರೆ ಏನಾಗುತ್ತದೆ ಅಂತಷ್ಟೇ ಕೇಳಿದೆ. ಕೈ ಒರೆಸಿಕೊಳ್ಳುತ್ತಿದ್ದವನು ನಿಲ್ಲಿಸಿದ. ಬ್ರೇಕ್‌ಗೆ ಬಲ ಕೊಡುವುದು ಇಂಜಿನ್ನೇ ಅಂತೆ. ಅದು ನಿಂತ ಮೇಲೆ ಎರಡು ಮೂರು ಸಲ ತುಳಿಯುವುದಕ್ಕೆ ಸಾಕಾಗುವಷ್ಟು ಬಲ ಉಳಿದಿರುತ್ತದೆ, ಆಮೇಲೆ ಪೆಡಲ್ ಕಲ್ಲು. ನಮ್ಮಂಥ ಗಾಡಿಯಲ್ಲಿ ಗೇರಿನಲ್ಲೇ ಇಟ್ಟು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೂ ಇಳಿಜಾರಿನಲ್ಲಿ ಪೆಟ್ರೋಲ್ ಹೋಗುವುದಿಲ್ಲವಂತೆ. ಹಾಗಾದರೆ ಇವರು ಉಳಿಸಿದ್ದೇನು? ವೇಗವಾಗಿ ಬಂದ ರಭಸಕ್ಕೆ ಕೆಳಗಿನ ಬಯಲಿನಲ್ಲಿ ಉರುಳಿದ ಒಂದಿಷ್ಟು ದೂರ. ಅಷ್ಟಕ್ಕೆ ಕಾಲು. ಅಷ್ಟಕ್ಕೆ ಪ್ರಾಣವೇ ಹೋಗುತ್ತಿತ್ತು.

ಯಾಕೆ ಕೇಳ್ತಿದ್ದೀರಿ ಅತ್ತಿಗೆ ಅಂದ. ಸುಮ್ಮನೆ ಅಂದೆ. ಅವನಿಗೆ ಅರ್ಥವಾಯಿತು. ಮತ್ತೆ ಕೈ ಒರೆಸಿಕೊಳ್ಳತೊಡಗಿದ. ಅವನು ಬೈದಿದ್ದರೆ ವಾಸಿಯಾಗಿತ್ತು.

ಅದೇ ದಿನ, ಸಂಜೆ ಏಳು

ಇವರನ್ನು ಕೇಳಿಯೇ ಬಿಟ್ಟೆ. ಯಾರು ಹೇಳಿದ್ದು ಅಂದರು. ನಿಮ್ಮಮ್ಮ ಅಂದೆ. ಟಿವಿ ರಿಮೋಟನ್ನು ಕೆಳಗಿಟ್ಟರು.

“ಎಲ್ಲಾ ಡ್ರೈವರ್‌ಗಳೂ ಮಾಡ್ತಾರೆ ಕಣೆ. ನಾಲ್ಕು ತಿಂಗಳು ಓಡಿಸಿ ನನಗೆ ಪಾಠ ಹೇಳ್ಬೇಡ.”

“ಮತ್ತೆ ಗ್ರೀಸಣ್ಣ?”

ಗೋಡೆ ಕಡೆ ತಿರುಗಿಕೊಂಡರು. ಸಿಟ್ಟಿಗಿಂತ ಹೆದರಿಕೆ ಜಾಸ್ತಿ ನನಗೆ. ಇನ್ನು ಹದಿಮೂರು ದಿನಕ್ಕೆ ಈ ಮನುಷ್ಯ ಅದೇ ಗುಡ್ಡಕ್ಕೆ ಗಾಡಿ ಒಯ್ಯುತ್ತಾರೆ. ಅದೇ ಕೀ ತಿರುಗಿಸುತ್ತಾರೆ. ಮೈಲೇಜ್ ಹಾಳಾಗಿ ಹೋಗಲಿ. ಇವರು ಬದುಕಿರಬೇಕು.

ಮಾರ್ಚ್ 27

ಬರೆಯಲಿಲ್ಲ ಇಷ್ಟು ದಿನ. ಬರೆಯುವುದೇನು — ಮಾತಿಲ್ಲ, ಕತೆಯಿಲ್ಲ. “ಉಪ್ಪು”, “ಮಾತ್ರೆ”, “ಬಾಗಿಲು ಹಾಕು.” ಅಷ್ಟೇ ಸಂಸಾರ. ನಿದ್ದೆಯಲ್ಲಿ ಇವರ ಮುರಿಯದ ಕಾಲು ಏನನ್ನೋ ತುಳಿಯುತ್ತದೆ, ಮತ್ತೆ ಮತ್ತೆ. ನಾಲ್ಕು ತಿಂಗಳಿಂದ ತುಳಿಯುತ್ತಿದೆ. ನೋವಿಗೆ ಅಂದುಕೊಂಡಿದ್ದೆ.

ಪ್ಲಾಸ್ಟರ್ ಬಿಚ್ಚಿದರು. ಡಾಕ್ಟರು ನಡೆಸಿ ನೋಡಿದರು, ಕುಂಟು ಅಷ್ಟೇನಿಲ್ಲ. ಓಡಿಸಬಹುದಾ ಅಂತ ಇವರು ಕೇಳಲೇ ಇಲ್ಲ. ಅತ್ತೆ ಕೇಳಿದರು. ಸೋಮವಾರದಿಂದ ಆಗಬಹುದಂತೆ.

ಮಾರ್ಚ್ 31, ಮಧ್ಯಾಹ್ನ

ಮೂವರೂ ಹೊರಟೆವು. ಇವರು ಸ್ಟಿಯರಿಂಗ್‌ನಲ್ಲಿ, ನಡುವೆ ಚೀಲ ತಬ್ಬಿಕೊಂಡ ಅತ್ತೆ, ಕಿಟಕಿಗೆ ನಾನು. ನೀನು ಯಾಕೆ ಅಂದರು ಅತ್ತೆ. ಗಾಳಿ ಕುಡಿಯಲು ಅಂದೆ.

ಇಳಿಜಾರಿನವರೆಗೆ ಚೆನ್ನಾಗಿಯೇ ಓಡಿಸಿದರು. ಒಪ್ಪಿಕೊಳ್ಳಬೇಕು, ನನಗಿಂತ ಚೆನ್ನಾಗಿ. ಗುಡ್ಡದ ನೆತ್ತಿ ಬಂತು. ಕೈ ಕೀ ಕಡೆ ಹೋಯಿತು. ಅಲ್ಲೇ ನಿಂತಿತು. ನಾನು ಅತ್ತೆಯ ಮೇಲಿಂದ ಬಾಗಿ ಆ ಕೈ ಹಿಡಿದೆ. ಗಾಡಿಯನ್ನು ಅಂಚಿಗೆ ತಂದು ನಿಲ್ಲಿಸಿದರು.

ಯಾಕೋ ನಿಲ್ಲಿಸಿದೆ ಅಂದರು ಅತ್ತೆ.

ಇವರು ನನ್ನನ್ನು ನೋಡಲಿಲ್ಲ. ಅಮ್ಮನಿಗೇ ಹೇಳಿದರು.

“ಅವತ್ತು ಬ್ರೇಕ್ ಸರಿಯಾಗೇ ಇತ್ತಮ್ಮ. ಇಂಜಿನ್ ಆಫ್ ಮಾಡಿದ್ದು ನಾನು. ತಪ್ಪು ಗ್ರೀಸಣ್ಣನ ಮೇಲೆ ಹಾಕ್ಬಿಟ್ಟೆ.”

ಅತ್ತೆ ಚೀಲದ ಹಿಡಿಯನ್ನು ತಿರುಚುತ್ತಾ ಕೂತರು.

ಇವರು ಇಳಿದು ಸುತ್ತಿ ನನ್ನ ಬಾಗಿಲಿಗೆ ಬಂದರು. ಆಗ್ತಿಲ್ಲ, ನೀನು ಇಳಿಸು ಅಂದರು. ಎರಡನೇ ಗೇರಿನಲ್ಲಿ ಇಳಿಸಿದೆ. ಇಂಜಿನ್ ಕೂಗಿದ್ದೇ ಕೂಗಿದ್ದು. ಕೆಳಗೆ ಮುಟ್ಟುವವರೆಗೂ ಇವರು ಡ್ಯಾಶ್‌ಬೋರ್ಡ್ ಹಿಡಿದೇ ಇದ್ದರು. ಅಯ್ಯೋ ಅನ್ನಿಸಿತು. ಅದೇ ಹೊತ್ತಿಗೆ ಸ್ಟಿಯರಿಂಗ್ ನನ್ನ ಕೈಯಲ್ಲಿದೆ ಅಂತ ಖುಷಿಯೂ ಆಯಿತು. ನಾಚಿಕೆಯಾಯಿತು, ಆದರೂ ಖುಷಿ ಹೋಗಲಿಲ್ಲ.

ಏಪ್ರಿಲ್ 1, ಬೆಳಗ್ಗೆ

ಗ್ರೀಸಣ್ಣನ ಹತ್ತಿರ ಹೋಗಬೇಕಂತೆ. ಇವರೇ ಹೇಳಿದ್ದು. ಗ್ಯಾರೇಜ್ ತೆಗೆಯುವ ಮೊದಲೇ ಹೋಗಿ, ಅವನೊಬ್ಬನೇ ಇದ್ದಾಗ ಹೇಳಿ ಬಂದುಬಿಡುತ್ತಾರಂತೆ. ಆಗುವುದಿಲ್ಲ ಅಂದೆ. ಸುಳ್ಳನ್ನು ಊರಿಗೆಲ್ಲ ಹೇಳಿ, ನಿಜವನ್ನು ಕಿವಿಯಲ್ಲಿ ಹೇಳಿದರೆ ಯಾವ ಲೆಕ್ಕ? ಹತ್ತು ಗಂಟೆಗೆ ಹೋಗೋಣ, ಗಿರಾಕಿಗಳು ಇರಲಿ.

ಕೀ ತಗೊಂಡು ಎದ್ದುಹೋದರು. ಮೆಟ್ಟಿಲ ಮೇಲೆ ಆ ಕಾಲಿನ ಸದ್ದು. ಒಬ್ಬರೇ ಹೊರಟುಬಿಟ್ಟರೆ? ಇನ್ನೂ ಎಂಟೂವರೆ. ಕೂರಲೂ ಆಗದು, ನಿಲ್ಲಲೂ ಆಗದು. ಅತ್ತೆ ಅಡುಗೆಮನೆಯಲ್ಲಿ ಒಂದೇ ಪಾತ್ರೆಯನ್ನು ಎಷ್ಟು ಹೊತ್ತಿನಿಂದ ತೊಳೆಯುತ್ತಿದ್ದಾರೋ.

ಹತ್ತಕ್ಕೆ ಐದು ನಿಮಿಷ. ಕೆಳಗೆ ಹಾರ್ನ್. ಮತ್ತೊಮ್ಮೆ.

ಕಿಟಕಿಯಿಂದ ಬಗ್ಗಿ ನೋಡಿದೆ. ಡ್ರೈವರ್ ಸೀಟು ಖಾಲಿ. ಪಕ್ಕದ ಸೀಟಿನಿಂದ ಕೈ ಚಾಚಿ ಹಾರ್ನ್ ಒತ್ತುತ್ತಿದ್ದಾರೆ. ಬಂದೆ ಅಂತ ಕೂಗಿದರೂ ಕೇಳಿಸುತ್ತಿಲ್ಲ, ಮತ್ತೆ —