ಸೌಟು ಬಿದ್ದ ಡ್ರಾಯರೂ ನಿಮ್ಮ ಎರಡು ನಿಮಿಷವೂ

ಮಕ್ಕಳ ಬುದ್ಧಿಯನ್ನು ಎರಡೇ ನಿಮಿಷದಲ್ಲಿ ಅಳೆದು ಮುಗಿಸುವ ಶಿಕ್ಷಣಾಧಿಕಾರಿಗಳೇ,

ನನ್ನ ಮಗಳನ್ನು ಅವಳ ತರಗತಿಯಿಂದ ಎಬ್ಬಿಸಿ, ಕಾರಿಡಾರಿನ ಕೊನೆಯಲ್ಲಿರುವ ‘ನಿಧಾನ ಕಲಿಕೆ’ಯ ಕೋಣೆಯಲ್ಲಿ ಕೂರಿಸಿದ್ದೀರಿ. ಅವಳಿಗೆ ಏಳು ವರ್ಷ. ಅವಳು ಮಾಡಿದ ತಪ್ಪೆಂದರೆ ಯೋಚನೆ ಮಾಡಿದ್ದು. ನಾನು ಮಾಡಿದ ತಪ್ಪೆಂದರೆ ಅವಳು ಯೋಚಿಸುವ ತನಕ ಕಾದದ್ದು. ಎರಡಕ್ಕೂ ಪುರಾವೆಯಾಗಿ ನಾನೇ ಕಳಿಸಿದ ವಿಡಿಯೊ ನಿಮ್ಮ ಕಚೇರಿಯಲ್ಲಿದೆ.

ಪೋಷಕರು ಮಗುವಿನ ಜೊತೆ ಕೂತು ಮನೆಯ ಯಾವುದಾದರೂ ಸಮಸ್ಯೆಯನ್ನು ಬಿಡಿಸಬೇಕು, ಅದರ ಎರಡು ನಿಮಿಷದ ವಿಡಿಯೊವನ್ನು ಇಲಾಖೆಯ ಆ್ಯಪ್‌ನಲ್ಲಿ ತೆಗೆದು ಕಳಿಸಬೇಕು ಎಂಬ ನಿಮ್ಮ ಸುತ್ತೋಲೆ ಓದಿ ನಾನು ನಿಜಕ್ಕೂ ಖುಷಿಪಟ್ಟಿದ್ದೆ. ಅಪ್ಪ ಅಮ್ಮನ ಜೊತೆ ಮಾತಾಡುತ್ತಾ, ಎಡವುತ್ತಾ ಮಕ್ಕಳು ಕಲಿಯುತ್ತಾರೆಂದು ಸರ್ಕಾರಕ್ಕೂ ಹೊಳೆಯಿತಲ್ಲ ಎಂದುಕೊಂಡೆ. ನನ್ನ ಪೆದ್ದುತನಕ್ಕೆ ಏನು ಹೇಳಲಿ!

ಅವತ್ತು ನಮ್ಮ ಅಡುಗೆಮನೆಯ ಡ್ರಾಯರ್ ಮುಚ್ಚುತ್ತಿರಲಿಲ್ಲ. ಎಷ್ಟು ತಳ್ಳಿದರೂ ಅರ್ಧಕ್ಕೇ ನಿಲ್ಲುತ್ತಿತ್ತು. ಮೊಬೈಲನ್ನು ಡಬ್ಬಿಗೆ ಒರಗಿಸಿ, ಗುಬ್ಬಿಯನ್ನು, ಅಂದರೆ ಮಗಳನ್ನು, ಕರೆದು ಪಕ್ಕದಲ್ಲಿ ಕೂತೆ.

“ಯಾಕೆ ಮುಚ್ತಿಲ್ಲ ಅನ್ಸತ್ತೆ?”

“ಅದಕ್ಕೆ ಕೋಪ ಬಂದಿದೆ ಅಪ್ಪಾ.”

“ಇರ್ಬಹುದು. ಕೋಪ ಯಾವ ಕಡೆ ಇದೆ ಅಂತ ನೋಡು.”

ಅವಳು ತಳ್ಳಿದಳು, ಎಳೆದಳು, ಕಿವಿಯಿಟ್ಟು ಕೇಳಿದಳು. ನಾನು ಸಿಟಿ ಬಸ್ಸಿನ ಚಾಲಕ, ಸ್ವಾಮಿ. ಮುಂದಿನ ಗಾಡಿ ಕ್ಷಣ ತಡವಾದರೆ ಹಾರ್ನ್ ಒತ್ತುವ ಜಾತಿ. ನನ್ನ ಕೈ ಎಷ್ಟು ತುರಿಸುತ್ತಿತ್ತೆಂದರೆ ಎರಡನ್ನೂ ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತೆ. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿಯೂ ರೇಗಿದಳು. “ರೀ, ನೀವೇ ಮುಚ್ಚಿ ಏಳಬಾರ್ದಾ? ಬಡಿಸೋಕೆ ಸೌಟೂ ಕಾಣ್ತಿಲ್ಲ!” ಆಗ ನಿಮ್ಮ ಆ್ಯಪ್ ಎರಡು ನಿಮಿಷವಾಯಿತೆಂದು ವಿಡಿಯೊಗೆ ಕತ್ತರಿ ಹಾಕಿತು.

ನೀವು ನೋಡಿದ್ದು ಅಷ್ಟೇ. ಆಮೇಲೆ ಅಮ್ಮನ ಮಾತು ಕೇಳಿ ಗುಬ್ಬಿ ಗಕ್ಕನೆ ನಿಂತದ್ದನ್ನು ನೀವು ನೋಡಲಿಲ್ಲ. “ಅಮ್ಮಾ, ಸೌಟು ಇದರ ಹಿಂದೆ ಬಿದ್ದಿದ್ರೆ?” ಎಂದು ಕೇಳಿ, ಡ್ರಾಯರನ್ನು ಪೂರ್ತಿ ಹೊರಗೆಳೆದು, ಭುಜದ ತನಕ ಕೈ ತೂರಿಸಿ ಸೌಟನ್ನು ಎತ್ತಿ ಹಿಡಿದಳು. ಅವಳ ಮುಖ ನೋಡಬೇಕಿತ್ತು ನೀವು. ನನಗಂತೂ ಕಣ್ಣು ತುಂಬಿತು.

ನಿಮ್ಮ ಷರಾ ಬಂತು: “ಮಗು ನಿಧಾನ. ಪೋಷಕರು ಸುಮ್ಮನೆ ಕುಳಿತಿದ್ದಾರೆ.” ಪಕ್ಕದ ಮನೆಯ ಹುಡುಗ ಪೆಟ್ಟಿಗೆ ಜೋಡಿಸುವ ವಿಡಿಯೊಗೆ ನಕ್ಷತ್ರ ಸಿಕ್ಕಿದೆ. ಅದನ್ನು ಜೋಡಿಸಿದ್ದು ಅವನ ಅಪ್ಪ, ಮುಂದಿನ ತುಂಡು ಯಾವುದೆಂದು ಹೇಳಿಕೊಟ್ಟದ್ದು ಅವನ ಅಮ್ಮ, ಕ್ಯಾಮೆರಾ ನೋಡಿ ನಕ್ಕದ್ದು ಮಾತ್ರ ಹುಡುಗ. ಅವರನ್ನು ಬೈಯುತ್ತಿಲ್ಲ. ನೀವು ಕೇಳಿದ್ದನ್ನು ಅವರು ಕೊಟ್ಟರು. ಆದರೆ ಉತ್ತರವನ್ನು ಬಾಯಿಗಿಡುವುದೇ ಪೋಷಕರ ಕೆಲಸವಾದರೆ ಮಗುವಿಗೆ ತಲೆ ಯಾಕೆ, ಟೋಪಿ ಹಾಕಲಿಕ್ಕೆ ಮಾತ್ರವೇ? ನಿಮ್ಮ ಮನೆಯ ಮಕ್ಕಳೂ ಗಡಿಯಾರ ನೋಡಿಕೊಂಡೇ ನಡೆಯಲು ಕಲಿತದ್ದೇ?

ಈ ಜಗಳ ನಕ್ಷತ್ರಕ್ಕಲ್ಲ. ಮೊನ್ನೆ ಆ ಡ್ರಾಯರ್ ಮತ್ತೆ ಸಿಕ್ಕಿಹಾಕಿಕೊಂಡಿತು, ಸೌಟೂ ಮತ್ತೆ ಕಾಣೆಯಾಯಿತು. ನಾನು ಆಸೆಯಿಂದ ಗುಬ್ಬಿಯನ್ನು ಕರೆದೆ. ಅವಳು ಹತ್ತಿರಕ್ಕೂ ಬರಲಿಲ್ಲ.

“ನೀನೇ ತೆಗಿ ಅಪ್ಪಾ. ನಾನು ನಿಧಾನ ಅಲ್ವಾ?”

ಇಷ್ಟು ವರ್ಷ ಪ್ರಶ್ನೆ ಕೇಳಿ ಕೇಳಿ ನನ್ನ ಜೀವ ತಿಂದ ಮಗು ಅದು. ನಿಮ್ಮ ಒಂದು ಸಾಲು ಅವಳ ಬಾಯಿ ಮುಚ್ಚಿಸಿತು. ಹೊಟ್ಟೆ ಉರಿಯುತ್ತದೆ, ಮಾನ್ಯರೇ.

ಸೋಮವಾರ ಬೆಳಿಗ್ಗೆ ಅವಳು ತನ್ನ ತರಗತಿಯಲ್ಲಿ, ತನ್ನ ಬೆಂಚಿನಲ್ಲಿ ಕೂತಿರಬೇಕು. ನಿಮ್ಮ ಷರಾ ರದ್ದಾಗಬೇಕು, ಆ ಎರಡು ನಿಮಿಷದ ಗಡುವೂ ತೊಲಗಬೇಕು. ‘ನಿಧಾನ’ ಎಂದು ಬರೆದವರೇ ಬಂದು, ಅದು ತಪ್ಪು ಎಂದು ಅವಳಿಗೆ ಹೇಳಬೇಕು. ನಾನು ಹೇಳಿದರೆ ನಂಬುತ್ತಿಲ್ಲ.

ಡ್ರಾಯರ್ ಇನ್ನೂ ಅರ್ಧ ತೆರೆದೇ ಇದೆ. ನಾನು ಮುಟ್ಟಿಲ್ಲ, ಹೆಂಡತಿಗೂ ಅದನ್ನು ಮುಟ್ಟಲು ಬಿಟ್ಟಿಲ್ಲ. ಗುಬ್ಬಿ ತಾನಾಗಿ ಅದರ ಮುಂದೆ ಬಂದು ಕೂರುವ ತನಕ ನಮ್ಮ ಮನೆಯಲ್ಲಿ ಲೋಟದಲ್ಲೇ ಬಡಿಸಿಕೊಳ್ಳುತ್ತೇವೆ.

ಇಂತಿ,
ತೊಡೆಯ ಕೆಳಗೆ ಕೈಯಿಟ್ಟುಕೊಂಡು ಈಗಲೂ ಸುಮ್ಮನೆ ಕುಳಿತಿರುವ
ಒಬ್ಬ ಅಪ್ಪ