ಮೆತ್ತಗೆ ಹಿಡಿಯುವ ಕ್ಲಚ್

ಕಾಗ್ವಾಸ್, ಮಂಗಳವಾರ

ವಿಲ್ಮರ್,

ಕಾರಿನ ಕ್ಲಚ್ ಬದಲಾಯಿಸಿದೆ. ನಿನ್ನನ್ನು ಕೇಳಲಿಲ್ಲ. ನೀನು ಪೊನ್ಸೆಯಲ್ಲಿ ಅವಳ ಮನೆ ಸೇರಿದ ಮೇಲೆ ಈ ಕಾರನ್ನು ದಿನಾ ಓಡಿಸುವವಳು ನಾನು; ನಿನಗೆ ಅದು ನೆನಪಾಗುವುದು ಭಾನುವಾರದ ರೇಸಿಗೆ ಮಾತ್ರ.

ನೀನು ಹಾಕಿಸಿದ್ದ ರೇಸಿನ ಕ್ಲಚ್, ಸ್ಯಾನ್ ಹ್ವಾನ್ ದಾರಿಯ ಟ್ರಾಫಿಕ್‌ನಲ್ಲಿ ಪ್ರತಿ ಸಲ ಬಿಟ್ಟಾಗಲೂ ಇಡೀ ಕಾರನ್ನು ನಡುಗಿಸುತ್ತಿತ್ತು. ಕೈನಡುಕದ ಚಿಕಿತ್ಸೆಗೆ ಆಸ್ಪತ್ರೆಗೆ ಹೋಗುವಾಗೆಲ್ಲ ನಿನ್ನ ಅಮ್ಮ, "ನನ್ನ ರೋಗ ಕಾರಿಗೂ ಅಂಟ್ಕೊಂಡ್ಬಿಡ್ತಲ್ಲೇ, ನೆರೇಯ್ದಾ" ಎಂದು ಕೈಗಳನ್ನು ತೊಡೆಯ ಕೆಳಗೆ ಅಡಗಿಸಿಕೊಳ್ಳುತ್ತಿದ್ದರು.

ಮೆಕ್ಯಾನಿಕ್ ಎಫ್ರಾಯಿನ್, "ಮತ್ತೆ ರೇಸಿಂದೇ ಹಾಕ್ಲಾ? ಇಲ್ಲಾಂದ್ರೆ ವಿಲ್ಮರ್ ಬಂದು ನನ್ನ ಚರ್ಮ ಸುಲೀತಾನೆ" ಎಂದ.

"ಬರ್ಲಿ ಬಿಡಪ್ಪಾ, ಆ ನೆಪಕ್ಕಾದ್ರೂ ಬರ್ಲಿ" ಎಂದೆ.

ಇಂಜಿನ್ನಿನ ಶಕ್ತಿಯನ್ನು ತಡೆದುಕೊಳ್ಳುವ, ಆದರೆ ಮೆತ್ತಗೆ ಹಿಡಿಯುವ ಕ್ಲಚ್ ಹಾಕಿಸಿದೆ. ನಿನ್ನ ರೇಸಿಗೆ ಇದು ಬಾಳುವುದಿಲ್ಲ. ಹಳೆಯದು ವರಾಂಡದಲ್ಲಿದೆ, ಬಂದು ತೆಗೆದುಕೊಂಡು ಹೋಗು.

ನಿನ್ನೆ ದಾರಿಯುದ್ದಕ್ಕೂ ಕಾರು ನಡುಗಲಿಲ್ಲ. ಅತ್ತೆ ತಮ್ಮ ಕೈ ನೋಡಿಕೊಂಡು, "ಕಾರಿಗಾದ್ರೂ ವಾಸಿಯಾಯ್ತು. ಯಾರೇ ಮಾಡ್ಸಿದ್ದು?" ಎಂದರು.

"ನಿಮ್ಮ ಮಗ" ಎಂದೆ.

ನಿನಗಾಗಿ ನಾನು ಹೇಳಿದ ಕೊನೆಯ ಸುಳ್ಳು ಅದು.

ನೆರೇಯ್ದಾ