ಬರ್ತೇನೆ ಎಂದು ಹೇಳಬೇಡ

ಕಡಬ
೮ ಜನವರಿ ೨೦೨೬, ಗುರುವಾರ ಸಂಜೆ

ಪ್ರೀತಿಯ ಅಮ್ಮಾ,

ಬೆರಳುಗಳ ಬಿರುಕು ಈಗ ಹೇಗಿದೆ? ಮಾತ್ರೆ ಕೊಡಲು ಮನೆಮನೆಯಲ್ಲೂ ಕೈಗವಸು ತೆಗೆಯಬೇಕಾಗುತ್ತದೆ ಎಂದು ನೀನು ಬರೆದಿದ್ದೆ. ನೀನು ಕೊಂಡುಹೋದ ತೆಂಗಿನೆಣ್ಣೆ ಅಲ್ಲಿ ಕಲ್ಲಾಗಿರಬಹುದು, ಮಲಗುವ ಮೊದಲು ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಹಚ್ಚಿಕೋ. ಇಲ್ಲಿ ನಾವಿಬ್ಬರೂ ಸೌಖ್ಯ. ಅಪ್ಪನ ಸರ್ವಿಸ್ ಜೀಪು ಎಂದಿನಂತೆ ಓಡುತ್ತಿದೆ. ಸಾರಿಗೆ ಉಪ್ಪು ಹೆಚ್ಚಾದರೆ, “ನನ್ನದು ಸ್ಟಿಯರಿಂಗ್ ಹಿಡಿಯುವ ಕೈ ಮಾರಾಯ್ತಿ, ನಿನ್ನಮ್ಮನದ್ದಲ್ಲ” ಎನ್ನುತ್ತಾರೆ. ಡ್ಯೂಟಿಯಲ್ಲಿ ವಾಯ್ಸ್ ಮೆಸೇಜ್ ಕೇಳಲು ಆಗುವುದಿಲ್ಲ, ಬರೆದು ಕಳಿಸು ಎಂದೆಯಲ್ಲ, ಅದಕ್ಕೇ ಇಷ್ಟುದ್ದ ಟೈಪ್ ಮಾಡುತ್ತಿದ್ದೇನೆ. ನನಗೂ ಇದೇ ಸುಲಭ. ಎದುರು ನಿಂತರೆ ನನ್ನ ಬಾಯಿಂದ ಅರ್ಧ ಮಾತೂ ಹೊರಡುವುದಿಲ್ಲ, ಅದು ನಿನಗೆ ಗೊತ್ತು.

ಪುತ್ತೂರಿನ ಫಿನ್ನಿಷ್ ಕ್ಲಾಸು ಮುಗಿಸಿ ಬಂದ ಸಂಜೆಗಳಲ್ಲಿ ನೀನು ತೆಂಗಿನಕಾಯಿ ತುರಿಯುತ್ತ ಕ್ರಿಯಾಪದ ಒಪ್ಪಿಸುತ್ತಿದ್ದದ್ದು, ನಾನು ಪುಸ್ತಕ ಹಿಡಿದು ತಪ್ಪು ಹುಡುಕುತ್ತಿದ್ದದ್ದು ನೆನಪಾಗುತ್ತದೆ. ‘ಮಿನಾ ತುಲೆನ್’, ನಾನು ಬರುತ್ತೇನೆ. ಎಲ್ಲ ಪ್ರತ್ಯಯಗಳನ್ನೂ ಕಲಿತು ಪರೀಕ್ಷೆ ಪಾಸಾಗಿ ಫಿನ್‌ಲ್ಯಾಂಡಿಗೆ ನರ್ಸಾಗಿ ಹೋದ ನೀನು ಮೊದಲ ವಾರವೇ ಫೋನಿನಲ್ಲಿ, “ಎಂತದು ಮಾರಾಯ್ತಿ, ಪುಸ್ತಕದ ಭಾಷೆ ಇಲ್ಲಿ ಯಾರೂ ಮಾತಾಡುದಿಲ್ಲ. ನಾನು ಬಾಯಿ ತೆರೆದ್ರೆ ವಾರ್ತೆ ಓದಿದ ಹಾಗೆ ಉಂಟಂತೆ” ಎಂದೆ. ಅಂದಿನಿಂದ ಆಡುಮಾತಿನ ರೂಪಗಳನ್ನು ಹುಡುಕಿ ನಿನಗೆ ಕಳಿಸುವುದೇ ನನ್ನ ಕೆಲಸವಾಯಿತು. ಖುಷಿಯ ಕೆಲಸ. ನಮ್ಮ ‘ಹೋಗುವುದು’ ಇಲ್ಲಿ ‘ಹೋಗುದು’ ಆದ ಹಾಗೆಯೇ ಅಲ್ಲಿ ‘ಮಿನಾ’ ಸವೆದು ಬರೀ ‘ಮಾ’ ಆಗಿದೆ, ‘ತುಲೆನ್’ ‘ತೂನ್’ ಆಗಿದೆ, ಹೋಗುತ್ತೇನೆ ಎನ್ನುವ ‘ಮೆನೆನ್’ ‘ಮೇನ್’ ಆಗಿದೆ. ‘ಅವರು ಬರುತ್ತಾರೆ’ ಎನ್ನಲು ಬರಹದಲ್ಲಿ ಬೇರೆ ಬಾಲವೇ ಇದೆ, ಮಾತಿನಲ್ಲಿ ಒಬ್ಬರಿಗೆ ಹಚ್ಚುವ ಬಾಲವೇ ಹತ್ತು ಜನರಿಗೂ ಸಾಕು. ‘ನಾವು ಹೋಗುತ್ತೇವೆ’ ಎನ್ನುವಲ್ಲಿ ‘ನಾವು ಹೋಗಲಾಗುತ್ತದೆ’ ಎಂದಂತೆ ಹೇಳುತ್ತಾರೆ. ಅದನ್ನು ಓದಿ ನಾನೊಬ್ಬಳೇ ಕೂತು ನಕ್ಕಿದ್ದೆ.

ಈ ಪತ್ರ ಬರೆಯಲು ಕಾರಣ ಔನೆ ಅಜ್ಜಿ. ನೀನು ದಿನವೂ ಹೋಗುವ ಮನೆಗಳಲ್ಲಿ ಅವರದೇ ಕೊನೆಯದು, ಮರೆವಿನ ಕಾಯಿಲೆಯವರು, ಮನೆಯಲ್ಲಿ ಒಬ್ಬರೇ. ಜೊತೆಯ ನರ್ಸುಗಳು ಕೆಲಸ ಮುಗಿದೊಡನೆ ‘ಮಾ ಲಹೆನ್’, ಹೊರಟೆ, ಎಂದು ಹೇಳಿ ಹೊರಟುಬಿಡುತ್ತಾರೆ ಎಂದು ನೀನೇ ಬರೆದಿದ್ದೆ. “ವಯಸ್ಸಾದವ್ರ ಮನೆಯಲ್ಲಿ ನಿಂತು ಹೋಗ್ತೇನೆ ಹೇಳ್ಲಿಕ್ಕೆ ನನ್ನ ನಾಲಗೆ ಏಳುದಿಲ್ಲ ಮಗಾ. ನಾನು ‘ಮಾ ತೂನ್’ ಅಂತಲೇ ಹೇಳುದು.” ಬರ್ತೇನೆ. ಅದಕ್ಕೆ ಅಜ್ಜಿ ನಿನ್ನ ಕೈಹಿಡಿದು ‘ಮಾ ಓತನ್’ ಎನ್ನುತ್ತಾರೆ, ಅದು ಪುಸ್ತಕದಲ್ಲಿಲ್ಲ, ಏನೋ ಆಶೀರ್ವಾದ ಇರಬೇಕು ಎಂದು ನೀನು ಬರೆದಿದ್ದೆ.

ಮೊನ್ನೆ ಅಪ್ಪನ ಜೀಪಿನಲ್ಲಿ ಪೇಟೆಗೆ ಹೋಗುವಾಗ ಇದನ್ನು ಪಕ್ಕದಲ್ಲಿ ಕೂತಿದ್ದ ಐಸಮ್ಮನಿಗೆ ಹೇಳಿದೆ. ಅವರು ದುಬೈಯಲ್ಲಿ ಅಡುಗೆ ಕೆಲಸಕ್ಕಿದ್ದವರಲ್ಲವೇ.

“ನಿನ್ನಮ್ಮ ಆ ದೇಶದಲ್ಲಿಯೂ ಬರ್ತೇನೆ ಹೇಳುದಾ?” ಎಂದು ಕೇಳಿದರು.

“ಮತ್ತೆ? ಹೋಗ್ತೇನೆ ಹೇಳ್ಲಿಕ್ಕೆ ಅವಳೆಂತ ಸಾಯ್ಲಿಕ್ಕೆ ಹೊರಟದ್ದಾ?” ಎಂದರು ಅಪ್ಪ.

“ಹಾಗಲ್ಲ ಮಾರಾಯ್ರೆ. ದುಬೈಯಲ್ಲಿ ನಾನೂ ಹೀಗೇ ಇಂಗ್ಲಿಷಿನಲ್ಲಿ ಬರ್ತೇನೆ ಹೇಳಿ ರೂಮಿಗೆ ಹೋಗಿ ಮಲಗಿದೆ. ಜೊತೆಗಿದ್ದ ಫಿಲಿಪಿನೋ ಹೆಂಗಸು ನನಗೂ ಅನ್ನ ಬಡಿಸಿ ಕಾದದ್ದೇ ಕಾದದ್ದು. ಮರುದಿನ ನನ್ನ ಮುಖ ನೋಡ್ಲಿಲ್ಲ.”

ಜೀಪಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಪೇಟೆಯಲ್ಲಿ ಇಳಿದು ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ನಗು ನಿಂತುಹೋಯಿತು.

ಮನೆಗೆ ಬಂದು ನಿನ್ನ ಹಳೆಯ ಮೆಸೇಜುಗಳನ್ನೆಲ್ಲ ಮೊದಲಿನಿಂದ ಓದಿದೆ. ಅಕ್ಟೋಬರಿನಲ್ಲಿ ಅಜ್ಜಿ ಕಿಟಕಿಯ ಹತ್ತಿರ ನಿಂತು ಕೈಬೀಸುತ್ತಾರೆ. ಹಿಮ ಬೀಳಲು ಶುರುವಾದಾಗ ಬಾಗಿಲ ಬಳಿಯೇ ನಿಲ್ಲುತ್ತಾರೆ, ಕಾಲು ನೋಯುತ್ತದೆಂದು ನೀನು ಅಲ್ಲೊಂದು ಕುರ್ಚಿ ಹಾಕಿಕೊಟ್ಟೆ. ಡಿಸೆಂಬರಿನಲ್ಲಿ ಕೋಟು ಹಾಕಿಕೊಂಡೇ ನಿದ್ದೆ ಮಾಡುತ್ತಾರೆ, ಚಿಕ್ಕ ಮಕ್ಕಳ ಹಾಗೆ ಎಂದು ನಗುವ ಚಿತ್ರ ಹಾಕಿದ್ದೆ. ಕಳೆದ ವಾರ ಬೆಳಗಿನ ನರ್ಸು ಹೋದಾಗ ಅಜ್ಜಿ ಮನೆಯೊಳಗೆ ಹಾಕುವ ಚಪ್ಪಲಿ ಒದ್ದೆಯಾಗಿತ್ತು, ನೆಲ ಒರೆಸಿ ಹಸಿಯಾಗಿಯೇ ಬಿಟ್ಟೆಯಾ ಎಂದು ನಿನ್ನನ್ನೇ ಕೇಳಿದರು. ಒಂದೊಂದೂ ಬಿಡಿಯಾಗಿ ಬಂದಾಗ ನಮಗೆ ಏನೂ ಅನ್ನಿಸಲಿಲ್ಲ. ಒಟ್ಟಿಗೆ ಓದಿದರೆ, ಅಜ್ಜಿ ಸ್ವಲ್ಪ ಸ್ವಲ್ಪವೇ ಹೊರಗೆ ಬರುತ್ತಿದ್ದಾರೆ.

‘ಓತನ್’ ಇವತ್ತು ಸಿಕ್ಕಿತು. ಬರಹದಲ್ಲಿ ‘ಒದೊತನ್’. ನಿನಗೆ ಗೊತ್ತಿರುವ ಪದವೇ, ಸವೆದದ್ದರಿಂದ ಗುರುತು ಸಿಗಲಿಲ್ಲ. ಕಾಯುತ್ತೇನೆ ಎಂದು ಅರ್ಥ.

ಅಮ್ಮಾ, ನೀನು ಬಸ್ಸು ಹತ್ತಿ ಹೋದ ಮೇಲೂ ಅವರು ನಿನ್ನನ್ನು ಕಾಯುತ್ತಿದ್ದಾರೆ. ಅಲ್ಲಿ ಅಷ್ಟು ಚಳಿ. ಹೊರಗೆ ಬಂದ ಮೇಲೆ ಯಾಕೆ ಬಂದೆ ಎಂಬುದೇ ಅವರಿಗೆ ಮರೆತುಹೋದರೆ? ನೆಟ್ಟಣದಲ್ಲಿ ರೈಲು ಹೊರಟಾಗ ನೀನು ಬಾಗಿಲಲ್ಲಿ ನಿಂತು ನಮಗೂ ಬರ್ತೇನೆ ಎಂದೆ. ನಾವು ಮನೆಗೆ ಬಂದು ಅನ್ನ ಮಾಡಿ ಉಂಡೆವು, ಯಾಕೆಂದರೆ ಅದು ಯಾವ ಬಗೆಯ ಬರುವುದೆಂದು ನಮಗೆ ಗೊತ್ತು. ಆ ಅಜ್ಜಿಗೆ ಯಾರು ಹೇಳಿಕೊಟ್ಟಿದ್ದಾರೆ? ನಾಳೆಯಿಂದ ಎಷ್ಟೇ ಕಷ್ಟವಾದರೂ ‘ಮಾ ಲಹೆನ್’ ಎಂದೇ ಹೇಳು. ಚಪ್ಪಲಿಯ ವಿಷಯವನ್ನು ನಿನ್ನ ಮೇಲಿನವರಿಗೂ ತಿಳಿಸು. ನನ್ನದು ಬರೀ ಭಯ ಎಂದಾದರೆ ನಗು, ನನಗೆ ಬೇಸರವಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಅಪ್ಪ ಕೇಳಿದ್ದಾರೆಂದು ಬರೆಯಲು ಹೇಳಿದರು, ಐಸಮ್ಮನೂ.

ನಿನ್ನ ಮಗಳು
ಗಾನಶ್ರೀ

ಮರೆತ ಮಾತು: ಮರೆತದ್ದಲ್ಲ, ಕಳಿಸಬೇಕೆನ್ನುವಾಗ ನಿನ್ನ ಮೆಸೇಜು ಬಂತು. “ಇವತ್ತು ಮೈನಸ್ ಇಪ್ಪತ್ತಾರು ಡಿಗ್ರಿ, ಔನೆ ಅಜ್ಜಿ ಕೋಟಿಗೆ ಹಟ ಮಾಡಿದರು, ನಾನೇ ಗುಂಡಿ ಹಾಕಿಕೊಟ್ಟು ತೂನ್ ಹೇಳಿ ಬಂದೆ, ಇನ್ನು ಆ ಮನೆಗೆ ಯಾರಾದ್ರೂ ಹೋಗುದು ನಾಳೆ ಬೆಳಿಗ್ಗೆಯೇ” ಎಂದು ಬರೆದಿದ್ದೀ. ಕೂಡಲೇ ಫೋನ್ ಮಾಡಿದೆ, ಸ್ವಿಚ್ ಆಫ್. ಮೆಸೇಜು ಹಾಕಿದೆ, ಒಂದೇ ಟಿಕ್. ಅಪ್ಪ ನಿನ್ನನ್ನು ಕಳಿಸಿದ ಏಜೆನ್ಸಿಯ ಪುತ್ತೂರು ಆಫೀಸಿಗೆ ಮಾಡುತ್ತಿದ್ದಾರೆ, ಯಾರೂ ಎತ್ತುತ್ತಿಲ್ಲ. ಇದು ಸಿಕ್ಕಿದಲ್ಲೇ ಬಸ್ಸಿನಿಂದ ಇಳಿ. ಅಜ್ಜಿಗೆ ಬರ್ತೇನೆ ಎಂದಿದ್ದೀಯಲ್ಲ ಅಮ್ಮಾ, ಹೋಗು.